ಅವರೆಬೇಳೆಯಿಂದ ಬಂಗುಡೆಯವರೆಗೆ: ಮನೆಯ ಫ್ರೀಜರ್‌ಗೆ ವ್ಯಾಕ್ಯೂಮ್ ಸೀಲರ್ ಆರಿಸುವುದು, ಬಳಸುವುದು

ನನ್ನ ತವರು ಮಾಗಡಿ ಕಡೆ. ಪ್ರತಿ ಜನವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಒಂದು ಚೀಲ ಸೊಗಡಿನ ಅವರೆಕಾಯಿ ಬರುತ್ತದೆ. ಮನೆಮಂದಿಯೆಲ್ಲ ಕೂತು ಸುಲಿದು, ರಾತ್ರಿ ನೆನೆಸಿ, ಬೆಳಗ್ಗೆ ಹಿದುಕಿ ಬೇಳೆ ಮಾಡುತ್ತೇವೆ. ಮೊದಲೆಲ್ಲ ಅದನ್ನು ಜಿಪ್ ಕವರ್‌ಗೆ ತುಂಬಿ ಫ್ರೀಜರ್‌ನಲ್ಲಿ ಇಡುತ್ತಿದ್ದೆ. ಯುಗಾದಿ ಹೊತ್ತಿಗೆ ತೆಗೆದರೆ ಕವರ್ ಒಳಗೆಲ್ಲ ಹಿಮದ ಪುಡಿ. ಬೇಳೆಯ ಅಂಚು ಬಿಳಚಿಕೊಂಡು ನಾರಿನಂತೆ ಆಗಿರುತ್ತಿತ್ತು. ಸೊಗಡಂತೂ ಹುಡುಕಿದರೂ ಇಲ್ಲ. ಅಷ್ಟು ಜನರ ಅಷ್ಟು ಹೊತ್ತಿನ ಕೆಲಸ ಹೀಗೆ ಹಾಳಾಗುವುದನ್ನು ನೋಡಲಾಗದೆ ವ್ಯಾಕ್ಯೂಮ್ ಸೀಲರ್, ಅಂದರೆ ಕವರ್ ಒಳಗಿನ ಗಾಳಿ ಎಳೆದು ಬಾಯಿಯನ್ನು ಬಿಸಿಯಿಂದ ಅಂಟಿಸುವ ಯಂತ್ರ, ತಂದೆ.

ಆರು ವರ್ಷ ಬಳಸಿದ ಮೇಲೆ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ಫಲಿತಾಂಶದ ಮುಕ್ಕಾಲು ಪಾಲು ಯಂತ್ರದ್ದಲ್ಲ. ಕವರ್‌ಗೆ ಹಾಕುವ ಮೊದಲು ಪದಾರ್ಥವನ್ನು ನಾವು ಹೇಗೆ ಸಿದ್ಧ ಮಾಡುತ್ತೇವೆ ಅನ್ನುವುದರದ್ದು. ಅದಕ್ಕೇ ಈ ಬರಹದಲ್ಲಿ ಯಂತ್ರಕ್ಕಿಂತ ಸಿದ್ಧತೆಯ ಮಾತು ಜಾಸ್ತಿ.

ಗಾಳಿ ಯಾಕೆ ತೆಗೆಯಬೇಕು

ಬಟ್ಟೆ ಬೀರುವಿನಲ್ಲಿ ಇಟ್ಟ ನುಸಿಗುಳಿಗೆ ದಿನ ಕಳೆದಂತೆ ಕರಗಿ ನೀರಾಗದೆ ಸುಮ್ನೆ ಸವೆಯುತ್ತದೆ, ಅಲ್ವಾ? ಫ್ರೀಜರ್‌ನಲ್ಲಿ ಮಂಜುಗಡ್ಡೆಯೂ ಹಾಗೇ. ನೀರಾಗದೆ ನೇರವಾಗಿ ಆವಿಯಾಗುತ್ತದೆ. ಕವರ್ ಒಳಗೆ ಖಾಲಿ ಜಾಗ ಇದ್ದರೆ ಕಾಳಿನೊಳಗಿನ ನೀರಿನಂಶ ಆ ಜಾಗಕ್ಕೆ ಹೊರಡುತ್ತದೆ, ಪ್ಲಾಸ್ಟಿಕ್‌ನ ಒಳಮೈಗೆ ತಾಗಿ ಮತ್ತೆ ಹಿಮವಾಗಿ ಕೂರುತ್ತದೆ. ಒಳಗೆ ಕಂಡ ಹಿಮದ ಪುಡಿ ಹೊರಗಿಂದ ಬಂದದ್ದಲ್ಲ, ಬೇಳೆಯದ್ದೇ ನೀರು. ಹೀಗೆ ಒಣಗಿ ಬಿಳಚಿಕೊಳ್ಳುವುದನ್ನೇ ಫ್ರೀಜರ್ ಬರ್ನ್ ಅನ್ನುತ್ತಾರೆ. ತಿಂದರೆ ಅಪಾಯವಿಲ್ಲ, ಆದರೆ ರುಚಿ ಹೋಗಿರುತ್ತದೆ. ಕವರ್ ಪದಾರ್ಥಕ್ಕೆ ಅಂಟಿ ಕೂತಿದ್ದರೆ ನೀರಿಗೆ ಹೋಗಲು ಜಾಗವೇ ಇಲ್ಲ.

ಇನ್ನೊಂದು ಕಾರಣ ಗಾಳಿಯಲ್ಲಿರುವ ಆಮ್ಲಜನಕ. ಕಾಯಿತುರಿ, ಬಂಗುಡೆ, ಗೋಡಂಬಿ ಇಂಥ ಎಣ್ಣೆಯಂಶದ ಪದಾರ್ಥಗಳು ಕಮಟುವುದು ಅದರಿಂದಲೇ. ಫ್ರೀಜರ್‌ನ ಚಳಿ ಇದನ್ನು ನಿಧಾನ ಮಾಡುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ.

ಆದರೆ ಗಾಳಿ ತೆಗೆದರೆ ರೋಗಾಣು ಸಾಯುವುದಿಲ್ಲ. ಪದಾರ್ಥವನ್ನು ಕಾಯುವುದು ಮೈನಸ್ 18 ಡಿಗ್ರಿಯ ಚಳಿ. ಸೀಲ್ ಮಾಡಿದ್ದೇನೆ ಅಂತ ಮೀನನ್ನೋ ಸಾರನ್ನೋ ಅಡುಗೆಕಟ್ಟೆಯ ಮೇಲೆ ಬಿಟ್ಟರೆ ಅದು ಬಯಲಲ್ಲಿ ಇಟ್ಟದ್ದಕ್ಕಿಂತಲೂ ಅಪಾಯ. ಕಾರಣ ಮುಂದೆ ಹೇಳುತ್ತೇನೆ.

ನಿಮಗೆ ಯಂತ್ರ ಬೇಕೇ

ತಿಂಗಳಿಗೊಮ್ಮೆ ಅರ್ಧ ಕಿಲೋ ಬಟಾಣಿ ಇಡುವ ಮನೆಗೆ ಯಂತ್ರ ಬೇಡ. ಗಟ್ಟಿ ಜಿಪ್ ಕವರ್ ಮತ್ತು ಒಂದು ಬಕೆಟ್ ನೀರು ಸಾಕು. ಕವರ್‌ಗೆ ಪದಾರ್ಥ ಹಾಕಿ ಜಿಪ್ಪನ್ನು ಒಂದು ಮೂಲೆ ಬಿಟ್ಟು ಮುಚ್ಚಿ. ಆ ಮೂಲೆಯನ್ನು ಮೇಲೆ ಹಿಡಿದು ಕವರನ್ನು ನಿಧಾನವಾಗಿ ನೀರಿಗೆ ಇಳಿಸಿ. ನೀರು ಸುತ್ತಲಿಂದ ಒತ್ತಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಜಿಪ್ ನೀರಿಗೆ ತಾಗುವ ಮುಂಚೆ ಮೂಲೆ ಒತ್ತಿಬಿಡಿ. ಗಾಳಿ ಬಹುಪಾಲು ಹೋಗಿರುತ್ತದೆ. ಎರಡು ಮೂರು ತಿಂಗಳಲ್ಲಿ ಮುಗಿಸುವ ಪದಾರ್ಥಕ್ಕೆ ಇದು ಧಾರಾಳವಾಯಿತು.

ಹಂಗಾಮಿನಲ್ಲಿ ಒಟ್ಟಿಗೆ ಐದಾರು ಕಿಲೋ ತೆಗೆದಿಡುವವರು, ಆರು ತಿಂಗಳ ಮೇಲೆ ಇಡುವವರು, ಮೀನು ಮಾಂಸ ಜಾಸ್ತಿ ತರುವವರು ಯಂತ್ರ ಕೊಳ್ಳಬಹುದು. ಆದರೆ ಮೊದಲು ಫ್ರೀಜರ್ ತೆರೆದು ನೋಡಿ. ಅಲ್ಲಿ ಜಾಗವೇ ಇಲ್ಲದಿದ್ದರೆ ಸೀಲರ್ ಏನೂ ಮಾಡದು.

ಅಂಗಡಿಯಲ್ಲಿ ಏನು ನೋಡಬೇಕು

ಸೀಲರ್ ಕೊಡಿ ಅಂದರೆ ಕೆಲವು ಕಡೆ ಕೈಯಲ್ಲಿ ಒತ್ತುವ, ಬರೀ ಕವರ್ ಬಾಯಿ ಅಂಟಿಸುವ ಯಂತ್ರ ಕೊಡುತ್ತಾರೆ. ಚಿಪ್ಸ್, ಮಸಾಲೆ ಪುಡಿ ಪ್ಯಾಕ್ ಮಾಡಲು ಅದು ಸರಿ. ಅದು ಗಾಳಿ ಎಳೆಯುವುದಿಲ್ಲ. ಕೇಳಿ ಖಾತ್ರಿ ಮಾಡಿಕೊಳ್ಳಿ.

ಗಾಳಿ ಎಳೆಯುವ ಯಂತ್ರದಲ್ಲಿ ಎರಡು ಬಗೆ. ಮನೆಗೆ ಬರುವುದು ಸಾಮಾನ್ಯವಾಗಿ ಉದ್ದನೆಯ, ಮೊಳಕ್ಕಿಂತ ಚಿಕ್ಕದಾದ ಪೆಟ್ಟಿಗೆ. ಕವರ್‌ನ ಬಾಯಿ ಮಾತ್ರ ಅದರೊಳಗೆ ಹೋಗುತ್ತದೆ, ಉಳಿದದ್ದು ಹೊರಗೆ. ಇನ್ನೊಂದು ಛೇಂಬರ್ ಯಂತ್ರ. ಕವರ್ ಪೂರ್ತಿ ಪೆಟ್ಟಿಗೆಯೊಳಗೆ ಕೂರುತ್ತದೆ, ಪೆಟ್ಟಿಗೆಯ ಗಾಳಿಯೆಲ್ಲ ಹೋಗುತ್ತದೆ. ಒಳಗೂ ಹೊರಗೂ ಒತ್ತಡ ಒಂದೇ ಇರುವುದರಿಂದ ತಣ್ಣಗಿನ ಸಾರನ್ನೂ ಚೆಲ್ಲದೆ ಸೀಲ್ ಮಾಡುತ್ತದೆ. ಆದರೆ ಬೆಲೆ ಹಲವು ಪಟ್ಟು, ತೂಕವೂ ಜಾಸ್ತಿ. ಮನೆಗೆ ನಾನದನ್ನು ಹೇಳುವುದಿಲ್ಲ. ದ್ರವವನ್ನು ಮೊದಲೇ ಹೆಪ್ಪುಗಟ್ಟಿಸಿದರೆ ಚಿಕ್ಕ ಯಂತ್ರದಲ್ಲೇ ಆ ಕೆಲಸ ಆಗುತ್ತದೆ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ಒತ್ತಡದ ಅಂಕಿಗೆ ಮರುಳಾಗಬೇಡಿ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 101 ಕಿಲೋಪಾಸ್ಕಲ್. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 91ರ ಆಸುಪಾಸು. ಇರುವುದಕ್ಕಿಂತ ಹೆಚ್ಚು ಎಳೆಯಲು ಬರುವುದಿಲ್ಲ, ಹಾಗಾಗಿ ಇಲ್ಲಿ 95 ಎಳೆಯುವುದು ಯಾವ ಯಂತ್ರಕ್ಕೂ ಆಗದ ಮಾತು. 60ರಿಂದ 80 ಅಂತ ಇದ್ದರೆ ಫ್ರೀಜರ್ ಕೆಲಸಕ್ಕೆ ಬೇಕಾದಷ್ಟಾಯಿತು.

ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಗಾಳಿ ಎಳೆಯುವುದನ್ನು ನಡುವೆ ನಿಲ್ಲಿಸಿ ತಕ್ಷಣ ಸೀಲ್ ಮಾಡುವ ಗುಂಡಿ ಇರಲೇಬೇಕು. ಇದಿಲ್ಲದಿದ್ದರೆ ಮೆತ್ತಗಿನ ಪದಾರ್ಥವೆಲ್ಲ ಜಜ್ಜಿಹೋಗುತ್ತದೆ. ಒದ್ದೆ ಪದಾರ್ಥಕ್ಕೆ ಬೇರೆ ಆಯ್ಕೆ ಇರಲಿ, ಅದರಲ್ಲಿ ಕವರ್ ಬಾಯಿ ಅಂಟಿಸುವ ಬಿಸಿ ಪಟ್ಟಿ ಸ್ವಲ್ಪ ಹೆಚ್ಚು ಹೊತ್ತು ಬಿಸಿಯಾಗಿರುತ್ತದೆ. ಸೀಲ್ ಗೆರೆ ಅಗಲವಾಗಿರಬೇಕು, ಇಲ್ಲವೇ ಎರಡು ಗೆರೆ ಇರಬೇಕು. ಒಳಗೆ ನೀರು ಸೋರಿದರೆ ಕೂರುವ ತಟ್ಟೆ ಕಳಚಿ ತೊಳೆಯುವಂತಿರಲಿ. ಮುಚ್ಚಳದ ಸುತ್ತ ಇರುವ ಸ್ಪಂಜಿನಂಥ ರಬ್ಬರ್ ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತದೆಯೇ ಅಂತ ಕೊಳ್ಳುವ ಮುಂಚೆಯೇ ಕೇಳಿ. ಯಂತ್ರದಲ್ಲಿ ಮೊದಲು ಸೋಲುವುದು ಅದೇ. ಅಗಲ 28ರಿಂದ 30 ಸೆಂಟಿಮೀಟರ್ ಕವರ್ ಹಿಡಿಯುವಷ್ಟು ಇದ್ದರೆ ಸಾಕು.

ಕವರ್ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಚಿಕ್ಕ ಯಂತ್ರಕ್ಕೆ ಒಂದು ಮೈಯಲ್ಲಿ ಉಬ್ಬು ಗೆರೆಗಳಿರುವ ಕವರೇ ಬೇಕು. ಆ ಗೆರೆಗಳ ನಡುವಿನ ಕಾಲುವೆಯಲ್ಲೇ ಗಾಳಿ ಹೊರಗೆ ಬರುವುದು. ನುಣುಪಾದ ಕವರ್ ಹಾಕಿದರೆ ಎರಡು ಪದರವೂ ಅಂಟಿಕೊಂಡು ದಾರಿ ಮುಚ್ಚುತ್ತದೆ, ಯಂತ್ರ ಗೊರಗೊರ ಅನ್ನುತ್ತದೆ, ಗಾಳಿ ಒಳಗೇ ಉಳಿಯುತ್ತದೆ. ಒಳ್ಳೆಯ ಕವರ್‌ನಲ್ಲಿ ಹೊರ ಪದರ ನೈಲಾನ್, ಒಳ ಪದರ ಪಾಲಿಥಿನ್. ಗಾಳಿಯನ್ನು ತಡೆಯುವುದು ನೈಲಾನ್, ಬಿಸಿಗೆ ಅಂಟುವುದು ಪಾಲಿಥಿನ್. ಆಹಾರಕ್ಕೆ ಯೋಗ್ಯ ಅನ್ನುವ ಲೋಟ ಮತ್ತು ಫೋರ್ಕ್ ಚಿಹ್ನೆ ನೋಡಿ ತನ್ನಿ. ಹೊಲಿದಂತೆ ಸಿದ್ಧವಾಗಿರುವ ಕವರ್‌ಗಿಂತ ರೋಲ್ ಲಾಭ. ಬೇಕಾದ ಉದ್ದಕ್ಕೆ ಕತ್ತರಿಸಿ ಒಂದು ತುದಿ ಸೀಲ್ ಮಾಡಿಕೊಳ್ಳಬಹುದು.

ಕೈಗೆ ಕೆಲಸ

ಈಗ ಅವರೆಬೇಳೆಯನ್ನೇ ಇಟ್ಟುಕೊಂಡು ಹಂತ ಹಂತವಾಗಿ ಹೇಳುತ್ತೇನೆ. ಇದು ಬಂದರೆ ಬಟಾಣಿ, ತೊಗರಿಕಾಯಿ, ಹುರುಳಿಕಾಯಿ ಎಲ್ಲವೂ ಬಂದಂತೆ.

ಮೊದಲು ಕುದಿನೀರಿನ ಸ್ನಾನ. ತರಕಾರಿ ಕಿತ್ತ ಮೇಲೂ ಅದರೊಳಗಿನ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ಬಣ್ಣ ಕೆಡುವುದು, ಹುಲ್ಲಿನ ವಾಸನೆ ಬರುವುದು ಅದರಿಂದ. ಫ್ರೀಜರ್ ಚಳಿಗೂ ಅವು ಪೂರ್ತಿ ಜಗ್ಗುವುದಿಲ್ಲ. ಅದಕ್ಕೆ ದೊಡ್ಡ ಪಾತ್ರೆಯಲ್ಲಿ ನೀರು ಚೆನ್ನಾಗಿ ಕುದಿಸಿ. ಅರ್ಧ ಕಿಲೋಗೆ ನಾಲ್ಕು ಲೀಟರ್‌ನಷ್ಟು ನೀರಿರಲಿ, ಆಗ ಕಾಳು ಬಿದ್ದ ಕೂಡಲೇ ಮತ್ತೆ ಕುದಿ ಬರುತ್ತದೆ. ಇಡೀ ಅವರೆಕಾಳಿಗೆ 2ರಿಂದ 3 ನಿಮಿಷ, ಬಟಾಣಿಗೆ ಒಂದೂವರೆ, ಹುರುಳಿಕಾಯಿಗೆ 3, ಹೂಕೋಸಿನ ತುಂಡಿಗೆ 3. ಹಿದುಕಿದ ಬೇಳೆ ಮೆತ್ತಗಿರುವುದರಿಂದ ನಾನು ಒಂದೇ ನಿಮಿಷ ಬಿಡುತ್ತೇನೆ.

ತೆಗೆದ ತಕ್ಷಣ ಮಂಜುಗಡ್ಡೆ ಹಾಕಿದ ನೀರಿಗೆ ಸುರಿಯಿರಿ. ಕುದಿಸಿದಷ್ಟೇ ಹೊತ್ತು ಅಲ್ಲಿರಲಿ. ಇಲ್ಲದಿದ್ದರೆ ಒಳಗಿನ ಬಿಸಿಗೆ ಬೇಯುತ್ತಲೇ ಇರುತ್ತದೆ.

ಆಮೇಲೆ ಒಣಗಿಸುವುದು. ಇದರಲ್ಲಿ ಅವಸರ ಮಾಡಬೇಡಿ. ಹಳೆಯ ಹತ್ತಿ ಪಂಚೆಯ ಮೇಲೆ ಹರಡಿ, ಫ್ಯಾನ್ ಕೆಳಗೆ ಕಾಲು ಗಂಟೆ ಬಿಡಿ. ಮೇಲ್ಮೈಯಲ್ಲಿ ಉಳಿದ ನೀರು ಎರಡು ಕಡೆ ತೊಂದರೆ ಕೊಡುತ್ತದೆ. ಕಾಳು ಒಂದಕ್ಕೊಂದು ಅಂಟುತ್ತದೆ. ಗಾಳಿಯ ಜೊತೆ ನೀರೂ ಸೀಲ್ ಗೆರೆಗೆ ಬಂದು ಅಂಟುವುದನ್ನು ಕೆಡಿಸುತ್ತದೆ.

ಒಣಗಿದ್ದನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಎರಡು ಗಂಟೆ ಫ್ರೀಜರ್‌ನಲ್ಲಿ ಇಡಿ. ಕಲ್ಲಿನಂತೆ ಬಿಡಿಬಿಡಿಯಾಗಿ ಆಗಬೇಕು. ಮೊದಲ ವರ್ಷ ಈ ಹಂತ ಬಿಟ್ಟು ನೇರ ಸೀಲ್ ಮಾಡಿದ್ದೆ. ಯಂತ್ರ ಎಳೆದ ಬಿಗಿಗೆ ಬೇಳೆಯೆಲ್ಲ ಹಿಸುಕಿ ಒಂದೇ ಇಟ್ಟಿಗೆಯಾಯಿತು. ಸಾರಿಗೆ ಹಾಕಿದಾಗ ಬೇಳೆ ಕಾಣಲೇ ಇಲ್ಲ, ಹಿಟ್ಟು ಕಲೆಸಿದಂತಾಗಿತ್ತು.

ಈಗ ಕವರ್. ಒಂದು ಹೊತ್ತಿನ ಸಾರಿಗೆ ಎಷ್ಟು ಬೇಕೋ ಅಷ್ಟಕ್ಕೇ ಒಂದು ಕವರ್ ಮಾಡಿ. ಪದಾರ್ಥದ ಮೇಲೆ 8ರಿಂದ 10 ಸೆಂಟಿಮೀಟರ್ ಖಾಲಿ ಬಿಡುವಷ್ಟು ಉದ್ದ ಕತ್ತರಿಸಿ. ತುಂಬುವ ಮುಂಚೆ ಕವರ್‌ನ ಬಾಯಿಯನ್ನು ಅಂಗಿಯ ತೋಳು ಮಡಚಿದಂತೆ ಹೊರಕ್ಕೆ ಮಡಚಿ. ತುಂಬಿದ ಮೇಲೆ ಬಿಚ್ಚಿ. ಬಾಯಿಯ ಒಳಮೈಗೆ ಎಣ್ಣೆ, ನೀರು, ಪುಡಿ ಏನೂ ತಾಗಿರುವುದಿಲ್ಲ. ಸೀಲ್ ಬಿಡುವುದಕ್ಕೆ ದೊಡ್ಡ ಕಾರಣವೇ ಈ ಕೊಳೆ.

ಪದಾರ್ಥವನ್ನು ಚಪ್ಪಟೆಯಾಗಿ ಹರಡಿ. ಕವರ್ ಬಾಯಿಯನ್ನು ಎರಡು ಕೈಯಲ್ಲಿ ಎಳೆದು ಸುಕ್ಕಿಲ್ಲದಂತೆ ಯಂತ್ರದ ತಟ್ಟೆಯೊಳಗೆ ಇಡಿ. ಕೂದಲೆಳೆಯಷ್ಟು ಸುಕ್ಕಿದ್ದರೂ ಅದರಲ್ಲೇ ಗಾಳಿ ಒಳಗೆ ನುಸುಳುತ್ತದೆ. ಮುಚ್ಚಳ ಒತ್ತಿ, ಗುಂಡಿ ಒತ್ತಿ. ಕವರ್ ಕಾಳಿನ ಆಕಾರಕ್ಕೆ ಅಂಟುವುದು ಕಾಣುತ್ತದೆ. ಸೀಲ್ ಆದ ಮೇಲೆ ತಕ್ಷಣ ಎಳೆಯಬೇಡಿ, ಐದು ಸೆಕೆಂಡ್ ಆರಲಿ. ನಾನು ಅದರ ಅರ್ಧ ಸೆಂಟಿಮೀಟರ್ ಆಚೆಗೆ ಇನ್ನೊಂದು ಸೀಲ್ ಹಾಕುತ್ತೇನೆ.

ಒಳ್ಳೆಯ ಸೀಲ್ ಗೆರೆ ಗಾಜಿನಂತೆ ಪಾರದರ್ಶಕವಾಗಿ, ಒಂದೇ ಸಮನಾಗಿ ಇರುತ್ತದೆ. ನಡುವೆ ಬಿಳಿ ಚುಕ್ಕೆ ಕಂಡರೆ ಅಲ್ಲಿ ಅಂಟಿಲ್ಲ. ಗೆರೆ ಕಂದಿದ್ದರೆ ಅಥವಾ ಕರಗಿ ತೆಳುವಾಗಿದ್ದರೆ ಯಂತ್ರ ಜಾಸ್ತಿ ಕಾದಿದೆ. ಒಂದಾದ ಮೇಲೆ ಒಂದು ಬಿಡುವಿಲ್ಲದೆ ಸೀಲ್ ಮಾಡಿದರೆ ಹೀಗಾಗುತ್ತದೆ. ಎರಡು ಕವರ್ ನಡುವೆ ಒಂದು ನಿಮಿಷ ಬಿಡಿ.

ಹೆಸರು, ತೂಕ, ತಾರೀಕನ್ನು ತುಂಬುವ ಮೊದಲೇ ಮಾರ್ಕರ್‌ನಲ್ಲಿ ಬರೆಯಿರಿ. ತಣ್ಣಗಾದ ಕವರ್ ಮೇಲೆ ನೀರು ಕೂರುತ್ತದೆ, ಆಮೇಲೆ ಶಾಯಿ ಹತ್ತುವುದಿಲ್ಲ.

ಫ್ರೀಜರ್‌ಗೆ ಒಂದೇ ದಿನ ಎಲ್ಲವನ್ನೂ ತುಂಬಬೇಡಿ. 60 ಲೀಟರ್ ಫ್ರೀಜರ್‌ನಲ್ಲಿ ದಿನಕ್ಕೆ ಎರಡರಿಂದ ಮೂರು ಕಿಲೋ ಹೊಸ ಪದಾರ್ಥ ಸಾಕು. ಜಾಸ್ತಿ ತುಂಬಿದರೆ ಹೆಪ್ಪುಗಟ್ಟಲು ತಡವಾಗುತ್ತದೆ. ತಡವಾದಷ್ಟೂ ಮಂಜಿನ ಹರಳು ದೊಡ್ಡದಾಗಿ ಕಾಳಿನ ಒಳಗೋಡೆಯನ್ನು ಹರಿಯುತ್ತದೆ. ಕರಗಿದಾಗ ನೀರು ಬಿಟ್ಟು ಮೆತ್ತಗಾಗುವುದು ಅದಕ್ಕೇ. ಮೊದಲ ರಾತ್ರಿ ಕವರ್‌ಗಳನ್ನು ಒಂದರ ಮೇಲೊಂದು ಪೇರಿಸದೆ ಹರಡಿ ಇಡಿ. ಗಟ್ಟಿಯಾದ ಮೇಲೆ ಪುಸ್ತಕದಂತೆ ಸಾಲಾಗಿ ನಿಲ್ಲಿಸಬಹುದು. ಹೀಗೆ ಇಟ್ಟ ಅವರೆ ನಮ್ಮ ಮನೆಯಲ್ಲಿ ದೀಪಾವಳಿವರೆಗೂ ಬಂದಿದೆ.

ಮೀನಿಗೆ ಬೇರೆಯೇ ಲೆಕ್ಕ

ಗಂಡನ ಮನೆ ಕುಂದಾಪುರದ ಕಡೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೇ ಕೊನೆಯಲ್ಲಿ ಅತ್ತೆ ಐಸ್ ಪೆಟ್ಟಿಗೆಯಲ್ಲಿ ಕಳಿಸುವ ಮೀನೇ ನಮಗೆ ಮಳೆಗಾಲದ ಆಸರೆ.

ಬಂಗುಡೆ ಹಿಡಿದ ಗಳಿಗೆಯಿಂದ ಐಸ್‌ನಲ್ಲೇ ಇರಬೇಕು. ಈ ಜಾತಿಯ ಮೀನು ಬೆಚ್ಚಗೆ ಕೂತರೆ ಅದರಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಹುಟ್ಟುತ್ತದೆ. ಮೈ ಕೆಂಪಾಗುವುದು, ತುರಿಕೆ, ತಲೆನೋವು ಬರುವುದು ಅದರಿಂದ. ಆಮೇಲೆ ಹೆಪ್ಪುಗಟ್ಟಿಸಿದರೂ ಬೇಯಿಸಿದರೂ ಅದು ಹೋಗುವುದಿಲ್ಲ. ಹಾಗಾಗಿ ಸಂಜೆ ಬುಟ್ಟಿಯಲ್ಲಿ ಐಸ್ ಇಲ್ಲದೆ ಉಳಿದ ಮೀನನ್ನು ಅಗ್ಗ ಅಂತ ತಂದು ಸೀಲ್ ಮಾಡಬೇಡಿ.

ತಂದ ಮೀನನ್ನು ಸ್ವಚ್ಛ ಮಾಡಿ, ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ಪೂರ್ತಿ ತೆಗೆಯಿರಿ. ಉಪ್ಪು ಹಚ್ಚಬೇಡಿ. ಎಣ್ಣೆ ಜಾಸ್ತಿ ಇರುವ ಮೀನಿಗೆ ಉಪ್ಪು ತಾಗಿದರೆ ಕಮಟುವುದು ಬೇಗ. ಮಸಾಲೆಯನ್ನು ಹುರಿಯುವ ದಿನ ಹಚ್ಚಿದರಾಯಿತು. ತಟ್ಟೆಯಲ್ಲಿ ಎರಡು ಗಂಟೆ ಹೆಪ್ಪುಗಟ್ಟಿಸಿ. ಮೀನಿನ ಬಾಲ, ರೆಕ್ಕೆ, ಮೂಳೆಯ ತುದಿ ಕವರನ್ನು ಚುಚ್ಚುತ್ತವೆ. ಅಲ್ಲಿ ಬಟರ್ ಪೇಪರ್ ಅನ್ನು ನಾಲ್ಕು ಮಡಿಕೆ ಮಾಡಿ ಸುತ್ತಿ. ಕೋಳಿ, ಕುರಿ ಮಾಂಸದ ಮೂಳೆಗೂ ಇದೇ ಉಪಾಯ. ಬಂಗುಡೆ, ಬೂತಾಯಿಯನ್ನು ಮೂರು ತಿಂಗಳೊಳಗೆ ಮುಗಿಸುತ್ತೇನೆ. ಅಂಜಲ್ ಇನ್ನೂ ಸ್ವಲ್ಪ ದಿನ ತಡೆಯುತ್ತದೆ.

ಇನ್ನು ಕರಗಿಸುವ ವಿಚಾರ. ಬೊಟುಲಿನಮ್ ಅನ್ನುವ ಬ್ಯಾಕ್ಟೀರಿಯಾ ಆಮ್ಲಜನಕ ಇಲ್ಲದ ಕಡೆಯೇ ಬೆಳೆಯುವಂಥದ್ದು. ಮೀನಿನಲ್ಲಿ ಸಿಗುವ ಅದರ ಒಂದು ಬಗೆ 3 ಡಿಗ್ರಿ ಸೆಲ್ಸಿಯಸ್ ದಾಟಿದರೂ ಬೆಳೆಯಬಲ್ಲದು, ಅಂದರೆ ನಮ್ಮ ಫ್ರಿಜ್‌ನೊಳಗೂ. ಅದರ ವಿಷ ಪ್ರಾಣಕ್ಕೇ ಕುತ್ತು. ಗಾಳಿ ತೆಗೆದ ಕವರ್ ಅದಕ್ಕೆ ಹೇಳಿ ಮಾಡಿಸಿದ ಮನೆ. ಅದಕ್ಕೆ ಮೀನಿನ ಕವರನ್ನು ಫ್ರೀಜರ್‌ನಿಂದ ತೆಗೆದ ಕೂಡಲೇ ಕತ್ತರಿಸಿ, ಮೀನನ್ನು ಪಾತ್ರೆಗೆ ಹಾಕಿ, ಮುಚ್ಚಿ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಕರಗಲು ಬಿಡಿ. ಸೀಲ್ ಇರುವ ಹಾಗೇ ಎಂದೂ ಕರಗಿಸಬೇಡಿ. ಈ ಒಂದು ಮಾತನ್ನು ಮನೆಯಲ್ಲಿ ಅಡುಗೆ ಮಾಡುವ ಎಲ್ಲರಿಗೂ ಹೇಳಿ.

ಸೀಲ್ ಮಾಡಬಾರದ್ದು

ಇದೇ ಕಾರಣಕ್ಕೆ ಹಸಿ ಬೆಳ್ಳುಳ್ಳಿ, ಅದನ್ನು ಎಣ್ಣೆಯಲ್ಲಿ ಅರೆದ ಪೇಸ್ಟ್, ಹಸಿ ಅಣಬೆ ಇವನ್ನು ಸೀಲ್ ಮಾಡಿ ಹೊರಗಾಗಲಿ ಫ್ರಿಜ್‌ನಲ್ಲಾಗಲಿ ಇಡಬೇಡಿ. ಎಲೆಕೋಸು, ಹೂಕೋಸು ಹಸಿಯಾಗಿದ್ದರೆ ತಾವೇ ಗಾಳಿ ಬಿಟ್ಟು ಕವರನ್ನು ಊದಿಸುತ್ತವೆ. ಕುದಿನೀರಿನಲ್ಲಿ ಅದ್ದಿ ಆಮೇಲೆ ಫ್ರೀಜರ್‌ಗೆ ಹಾಕಿ. ಹುದುಗು ಬಂದ ದೋಸೆ ಹಿಟ್ಟೂ ಹಾಗೇ, ಸೀಲ್ ಮಾಡುವ ಪದಾರ್ಥವಲ್ಲ. ಬಿಸಿ ಪದಾರ್ಥ ಯಾವುದನ್ನೂ ಹಾಕಬೇಡಿ. ಆವಿ ಪಂಪಿಗೆ ಹೋಗುತ್ತದೆ, ಸೀಲೂ ನಿಲ್ಲುವುದಿಲ್ಲ.

ಉಳಿದ ಕೆಲವು ಪದಾರ್ಥ

ಕಾಯಿತುರಿಯನ್ನು ಬೆರಳು ದಪ್ಪಕ್ಕೆ ಚಪ್ಪಟೆ ಮಾಡಿ, ಸೀಲ್ ಆದ ಮೇಲೆ ಕವರ್ ಹೊರಗಿಂದ ಸ್ಕೇಲಿನಲ್ಲಿ ಒತ್ತಿ ಚೌಕದ ಗೆರೆ ಮೂಡಿಸಿ. ಹೆಪ್ಪುಗಟ್ಟಿದ ಮೇಲೆ ಬೇಕಾದಷ್ಟು ಚೌಕ ಮುರಿದುಕೊಂಡು ಉಳಿದದ್ದನ್ನು ಮತ್ತೆ ಸೀಲ್ ಮಾಡಬಹುದು.

ಬಾದಾಮಿ ಅಥವಾ ರಸಪುರಿ ಮಾವಿನ ತಿರುಳನ್ನು ಚೌಕನೆಯ ಸ್ಟೀಲ್ ಡಬ್ಬಿಯಲ್ಲಿ ರಾತ್ರಿಯೆಲ್ಲ ಹೆಪ್ಪುಗಟ್ಟಿಸಿ. ಬೆಳಗ್ಗೆ ಡಬ್ಬಿಯ ಹೊರಮೈ ಮೇಲೆ ನಲ್ಲಿ ನೀರು ಬಿಟ್ಟರೆ ಗಟ್ಟಿ ಜಾರಿ ಬರುತ್ತದೆ. ಅದನ್ನು ಒರೆಸಿ ಸೀಲ್ ಮಾಡಿ. ಸಾರು, ಹುಳಿ, ಕುರ್ಮಾ ಎಲ್ಲಕ್ಕೂ ಇದೇ ದಾರಿ. ಆಲೂಗಡ್ಡೆ ಹಾಕಿದ ಹುಳಿ ಬೇಡ, ಕರಗಿದಾಗ ಹೋಳು ಸ್ಪಂಜಿನಂತೆ ಆಗುತ್ತದೆ. ಮಜ್ಜಿಗೆ ಹುಳಿ ಒಡೆಯುತ್ತದೆ. ಮಾಡಿದ ಅಡುಗೆಯನ್ನು ಅಗಲದ ಪಾತ್ರೆಗೆ ಸುರಿದು, ತಣ್ಣೀರಿನ ತಟ್ಟೆಯಲ್ಲಿಟ್ಟು ಬೇಗ ಆರಿಸಿ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರೀಜರ್ ಸೇರಬೇಕು.

ಹಲಸಿನ ತೊಳೆ ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸಿ ಹಾಕಿದರೆ ಸಾಕು. ಇಡ್ಲಿಯನ್ನೂ ಮೊದಲು ಕಲ್ಲಾಗಿಸಿ, ಇಲ್ಲದಿದ್ದರೆ ಯಂತ್ರ ಅದನ್ನು ಚಪಾತಿ ಮಾಡಿಬಿಡುತ್ತದೆ.

ಕರೆಂಟ್ ಹೋದರೆ

ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ಚಳಿ ಹಿಡಿದಿಡುತ್ತದೆ. ಇದು ಬೇರೆಯಾಗಿ ಇಡುವ ಫ್ರೀಜರ್‌ನ ಲೆಕ್ಕ. ಫ್ರಿಜ್‌ನ ಮೇಲಿನ ಚಿಕ್ಕ ಖಾನೆಗೆ ಅಷ್ಟು ನಂಬಬೇಡಿ. ಊರಿಗೆ ಹೋಗುವ ಮುಂಚೆ ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಡಿ. ಬಂದಾಗ ನಾಣ್ಯ ತಳ ಸೇರಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಆಗ ಮೀನು, ಮಾಂಸ, ಅಡುಗೆ ಎಲ್ಲವನ್ನೂ ಮನಸ್ಸು ಗಟ್ಟಿ ಮಾಡಿ ಎಸೆಯಿರಿ.

ಕವರ್ ಸಡಿಲವಾದರೆ, ಯಂತ್ರ ಎಳೆಯದಿದ್ದರೆ

ವಾರದ ಮೇಲೆ ಒಂದು ಕವರ್ ಸಡಿಲವಾಗಿ ಕಂಡರೆ ಅದನ್ನು ನೀರಿನಲ್ಲಿ ಮುಳುಗಿಸಿ ಒತ್ತಿ. ಗುಳ್ಳೆ ಎಲ್ಲಿಂದ ಬರುತ್ತದೋ ಅಲ್ಲಿ ತೂತು. ಸೀಲ್ ಗೆರೆಯಿಂದ ಬಂದರೆ ಕೊಳೆ ಅಥವಾ ಸುಕ್ಕು, ಮೈಯಿಂದ ಬಂದರೆ ಚುಚ್ಚಿದೆ. ಹೆಪ್ಪುಗಟ್ಟಿಯೇ ಇದ್ದರೆ ಬೇರೆ ಕವರ್‌ಗೆ ಹಾಕಿ ಮತ್ತೆ ಸೀಲ್ ಮಾಡಬಹುದು. ಕಾಳು, ಕಾಯಿತುರಿ ಹಾಕಿದ್ದ ಕವರನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಇನ್ನೊಮ್ಮೆ ಬಳಸಿ. ಮೀನು ಮಾಂಸದ ಕವರ್ ಮಾತ್ರ ಬೇಡ.

ಯಂತ್ರ ಸದ್ದು ಮಾಡುತ್ತಿದ್ದರೂ ಗಾಳಿ ಹೋಗುತ್ತಿಲ್ಲ ಅಂದರೆ ಮೊದಲು ಗ್ಯಾಸ್ಕೆಟ್ ನೋಡಿ. ಕಳಚಿ ತೊಳೆದು, ನೆರಳಲ್ಲಿ ಒಣಗಿಸಿ, ತಿರುವಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಬಿಸಿ ಪಟ್ಟಿಯ ಮೇಲಿನ ಟೆಫ್ಲಾನ್ ಟೇಪ್ ಸುಟ್ಟು ಹರಿದಿದ್ದರೆ ಹೊಸದು ಅಂಟಿಸಿ. ಕೆಲಸ ಮುಗಿದ ಮೇಲೆ ಪ್ಲಗ್ ತೆಗೆದು, ಒಳಗೆಲ್ಲ ಒರೆಸಿ, ಮುಚ್ಚಳ ಲಾಕ್ ಮಾಡದೆ ಸುಮ್ನೆ ಮುಚ್ಚಿ ಎತ್ತಿಡಿ. ನಾನು ಒಂದು ಮಳೆಗಾಲವಿಡೀ ಲಾಕ್ ಮಾಡಿಯೇ ಇಟ್ಟಿದ್ದೆ. ರಬ್ಬರ್ ಅಷ್ಟು ದಿನ ಒತ್ತಿಕೊಂಡಿದ್ದು ಚಪ್ಪಟೆಯಾಗಿಹೋಗಿ, ಅವರೆ ಬಂದ ದಿನ ಯಂತ್ರ ಎಳೆಯಲೇ ಇಲ್ಲ. ಈಗ ಡಿಸೆಂಬರ್ ಕೊನೆಯಲ್ಲಿ ಒಂದು ಖಾಲಿ ಕವರ್ ಹಾಕಿ ಪರೀಕ್ಷೆ ಮಾಡುತ್ತೇನೆ. ಒಂದು ಬಿಡಿ ಗ್ಯಾಸ್ಕೆಟ್ ಡ್ರಾಯರ್‌ನಲ್ಲಿ ಇರುತ್ತದೆ.